ಬೇಸ್‌ಬಾಲ್‌ಗೆ ಐಪಿಎಲ್ ಥರ ಪರ್ಸ್ ತಂದರೆ ಸಾಕೇ?

ಪ್ರಶ್ನೆ: ನಾನು ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುವ ಕನ್ನಡಿಗ. ಇಲ್ಲಿನ ಪೈರೇಟ್ಸ್ ತಂಡದ ಆಟ ನೋಡ್ತಾ ನೋಡ್ತಾ ಬೇಸ್‌ಬಾಲ್ ಹುಚ್ಚು ಹಿಡಿದಿದೆ. 2023ರ ಡ್ರಾಫ್ಟ್‌ನಲ್ಲಿ ನಮ್ಮ ತಂಡಕ್ಕೆ ಮೊದಲ ಆಯ್ಕೆಯಾಗಿ ಸಿಕ್ಕ ಪಾಲ್ ಸ್ಕೀನ್ಸ್ ಈಗ ಲೀಗಿನ ದೊಡ್ಡ ಪಿಚರ್, ಅಂದರೆ ಬಾಲ್ ಎಸೆಯುವ ಆಟಗಾರ. ಡ್ರಾಫ್ಟ್ ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ, ಸೋತ ತಂಡಗಳಿಗೆ ಮೊದಲು ಸರದಿ. ಆದರೆ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: "ಇವನೂ ಹೋಗ್ತಾನೆ, ಡಾಡ್ಜರ್ಸ್‌ಗೋ ಯಾಂಕೀಸ್‌ಗೋ." ಐಪಿಎಲ್‌ನಲ್ಲಿ ಎಲ್ಲರಿಗೂ ಒಂದೇ ಪರ್ಸ್ ಇದೆ. ಇಲ್ಲೂ ಅಂಥ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಮೇಲಿನ ಮಿತಿ, ಹಾಕಿದರೆ ಮುಗಿಯಿತಲ್ಲವೇ? ಡ್ರಾಫ್ಟ್ ಕೂಡ ಸೋತವರಿಗೆ ಬಹುಮಾನ ಕೊಟ್ಟ ಹಾಗೆ ಕಾಣುತ್ತದೆ. ನಿಮ್ಮ ಕೈಗೆ ಕೊಟ್ಟರೆ ಇದನ್ನೆಲ್ಲ ಹೇಗೆ ಬದಲಾಯಿಸುತ್ತೀರಿ?

ಉತ್ತರ: ನಿಮ್ಮ ಆಫೀಸಿನವರ ಭಯ ಸುಮ್ನೆ ಹುಟ್ಟಿದ್ದಲ್ಲ. ಪೈರೇಟ್ಸ್ 2011ರಲ್ಲೂ ಡ್ರಾಫ್ಟ್‌ನ ಮೊದಲ ಆಯ್ಕೆಯಲ್ಲಿ ಒಬ್ಬ ಪಿಚರ್‌ನನ್ನೇ ತಂದಿತ್ತು. ಅವರು ಗೆರಿಟ್ ಕೋಲ್. 2018ರ ಜನವರಿಯಲ್ಲಿ ಅವರನ್ನು ಹ್ಯೂಸ್ಟನ್ ಆಸ್ಟ್ರೋಸ್‌ಗೆ ಬಿಟ್ಟುಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಯಾಂಕೀಸ್ ಅವರಿಗೆ 9 ವರ್ಷಕ್ಕೆ 32.4 ಕೋಟಿ ಡಾಲರ್ ಕೊಟ್ಟಿತು. ಸ್ಕೀನ್ಸ್ 2029ರ ಸೀಸನ್ ಮುಗಿದ ಮೇಲೆ ಫ್ರೀ ಏಜೆಂಟ್ ಆಗುತ್ತಾರೆ. ಅಂದರೆ ಯಾವ ತಂಡದ ಜೊತೆ ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು.

ಕ್ಯಾಪ್ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಅದು ಕೊನೆಗೆ ಮಾಡಬೇಕಾದ ಕೆಲಸ. ಅದನ್ನೇ ಮೊದಲು ಮಾಡಿದರೆ ಪಿಟ್ಸ್‌ಬರ್ಗ್‌ಗೆ ಒಂದು ಡಾಲರ್ ಕೂಡ ಜಾಸ್ತಿ ಬರುವುದಿಲ್ಲ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಮಾಲೀಕರಿಗೆ ಉಳಿತಾಯ ಆಗುತ್ತದೆ, ಅಷ್ಟೇ. ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಇನ್ನು ಬಡಿಸಬೇಡಿ ಅಂದ ಮಾತ್ರಕ್ಕೆ ಕೊನೆಯ ಪಂಕ್ತಿಯ ಎಲೆ ತುಂಬುವುದಿಲ್ಲ, ಅಲ್ವಾ?

ನೀವು ಹೇಳಿದ ಐಪಿಎಲ್ ಅನ್ನೇ ನೋಡಿ. 2025ರ ಸೀಸನ್‌ಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ. ಬೆಂಗಳೂರಿಗೂ ಅಷ್ಟೇ, ಲಖನೌಗೂ ಅಷ್ಟೇ. ಇದು ಸರಾಗವಾಗಿ ನಡೆಯುವುದು ಟಿವಿ ದುಡ್ಡಿನಿಂದ. 2023ರಿಂದ 2027ರವರೆಗಿನ ಪ್ರಸಾರ ಹಕ್ಕನ್ನು ಬಿಸಿಸಿಐ ಒಟ್ಟಾಗಿ 48,390 ಕೋಟಿ ರೂಪಾಯಿಗೆ ಮಾರಿತು. ಅದರ ದೊಡ್ಡ ಪಾಲು ತಂಡಗಳಿಗೆ ಹಂಚಿಹೋಗುತ್ತದೆ. ಒಂದು ಟಿಕೆಟ್ ಮಾರುವ ಮೊದಲೇ ಪ್ರತಿ ತಂಡಕ್ಕೂ ಪರ್ಸ್ ತುಂಬುವಷ್ಟು ಹಣ ಬಂದಿರುತ್ತದೆ.

ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ರಾಷ್ಟ್ರೀಯ ಟಿವಿ ಹಣವನ್ನು 30 ತಂಡಗಳೂ ಸಮವಾಗಿ ಹಂಚಿಕೊಳ್ಳುತ್ತವೆ, ನಿಜ. ಆದರೆ ವರ್ಷಕ್ಕೆ 162 ಆಟ. ಅವುಗಳಲ್ಲಿ ಬಹುಪಾಲನ್ನು ಹಲವು ತಂಡಗಳು ತಮ್ಮ ಊರಿನ ಚಾನೆಲ್‌ಗೆ ತಾವೇ ಮಾರಿಕೊಳ್ಳುತ್ತವೆ. ಡಾಡ್ಜರ್ಸ್ 2013ರಲ್ಲಿ ಮಾಡಿಕೊಂಡ ಇಂಥ ಒಪ್ಪಂದದ ಮೊತ್ತ 25 ವರ್ಷಕ್ಕೆ ಸುಮಾರು 835 ಕೋಟಿ ಡಾಲರ್. ಪಿಟ್ಸ್‌ಬರ್ಗ್‌ನಂಥ ಊರಿನ ಚಾನೆಲ್ ಅದರ ಹತ್ತಿರಕ್ಕೂ ಬರಲಾರದು. ಸಾಲದ್ದಕ್ಕೆ, ಹಲವು ತಂಡಗಳ ಆಟ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಚಿಕ್ಕ ಊರುಗಳಿಗೆ ಬರುತ್ತಿದ್ದ ಹಣವೂ ಅಲ್ಲಾಡಿತು.

ಐಪಿಎಲ್‌ನಿಂದ ಇನ್ನೊಂದು ಪಾಠವೂ ಇದೆ. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರಿಗೂ ಒಂದೇ ಪರ್ಸ್ ಇದ್ದರೂ ಮುಂಬೈ ಮತ್ತು ಚೆನ್ನೈ ಐದೈದು ಸಲ ಗೆದ್ದವು. ನಾವು 18ನೇ ಸೀಸನ್‌ವರೆಗೆ ಕಾದೆವು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಟ್ಟುನಿಟ್ಟಿನ ಕ್ಯಾಪ್ 1994ರಿಂದಲೇ ಇದೆ. ಆದರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಒಂದೇ ಕೋಚ್, ಒಂದೇ ಕ್ವಾರ್ಟರ್‌ಬ್ಯಾಕ್ (ಆಟ ನಡೆಸುವ ಆಟಗಾರ) ಇಟ್ಟುಕೊಂಡು ಆರು ಟೈಟಲ್ ಗೆದ್ದಿತು. ಕ್ಯಾಪ್ ಇಲ್ಲದ ಬೇಸ್‌ಬಾಲ್‌ನಲ್ಲೋ, 2000ದ ಯಾಂಕೀಸ್ ಆದ ಮೇಲೆ ಸತತ ಎರಡು ವರ್ಷ ಗೆಲ್ಲಲು ಯಾರಿಗೂ ಆಗಿರಲಿಲ್ಲ. 2024 ಮತ್ತು 2025ರಲ್ಲಿ ಡಾಡ್ಜರ್ಸ್ ಅದನ್ನು ಮಾಡಿತು. ಅದೇ 2025ರಲ್ಲಿ ಲೀಗ್ ಹಂತದಲ್ಲಿ ಅತಿ ಹೆಚ್ಚು ಗೆದ್ದ ತಂಡ ಮಿಲ್ವಾಕಿ ಬ್ರೂವರ್ಸ್, 97 ಗೆಲುವು. ಅದು ಲೀಗಿನಲ್ಲೇ ತೀರ ಚಿಕ್ಕ ಟಿವಿ ಮಾರುಕಟ್ಟೆ ಇರುವ ಊರು.

ಹಾಗಾದರೆ ಅನ್ಯಾಯ ಇಲ್ಲವೇ? ಇದೆ. ಆದರೆ ಅದನ್ನು ಟ್ರೋಫಿ ಲೆಕ್ಕದಲ್ಲಿ ಹುಡುಕಬಾರದು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಸೀಸನ್ ಶುರುವಾಗುವ ಹೊತ್ತಿಗೆ ಪಿಟ್ಸ್‌ಬರ್ಗ್ ಅಭಿಮಾನಿಗೆ ಈ ವರ್ಷ ಏನಾದರೂ ಆಗಬಹುದು ಅನ್ನಿಸುತ್ತದೆಯೇ? ಆಟಗಾರ ಚೆನ್ನಾಗಿ ಆಡುವ ವಯಸ್ಸಿನಲ್ಲೇ ಅವನಿಗೆ ತಕ್ಕ ಸಂಬಳ ಸಿಗುತ್ತದೆಯೇ? ಎರಡಕ್ಕೂ ಈಗ ಸಿಗುವ ಉತ್ತರ ಚೆನ್ನಾಗಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಬೇಸ್‌ಬಾಲ್‌ನಲ್ಲಿ ಕ್ಯಾಪ್ ಇಲ್ಲ, ಲಕ್ಸುರಿ ಟ್ಯಾಕ್ಸ್ ಇದೆ, ಅಂದರೆ ತಂಡದ ಒಟ್ಟು ಸಂಬಳ ಒಂದು ಗೆರೆ ದಾಟಿದರೆ ತೆರಿಗೆ. 2026ಕ್ಕೆ ಅದರ ಗೆರೆ 24.4 ಕೋಟಿ ಡಾಲರ್. ಗೆರೆ ದಾಟಿದ ಮೊತ್ತಕ್ಕೆ ಮೊದಲ ವರ್ಷ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50 ತೆರಿಗೆ. ಗೆರೆಯನ್ನು ತುಂಬಾ ದೂರ ದಾಟಿದರೆ ಇದರ ಮೇಲೆ ದಂಡ ಬೇರೆ. ಪದೇಪದೇ ದಾಟುವ ತಂಡ ಗೆರೆಗಿಂತ ಆರು ಕೋಟಿಗೂ ಮೀರಿ ಮೇಲೆ ಹೋದರೆ, ಅಲ್ಲಿಂದಾಚೆ ಖರ್ಚು ಮಾಡುವ ಪ್ರತಿ ಡಾಲರ್‌ಗೆ 1.10 ಡಾಲರ್ ತೆರಿಗೆ ಕಟ್ಟಬೇಕು. ಕೇಳಿದರೆ ಯಾರಾದರೂ ಹೆದರಬೇಕು. ಡಾಡ್ಜರ್ಸ್ ಹೆದರಲಿಲ್ಲ. 2025ರಲ್ಲಿ ತೆರಿಗೆ ಲೆಕ್ಕದ ಪ್ರಕಾರ ಅದರ ಸಂಬಳ ಪಟ್ಟಿ 41 ಕೋಟಿ ಡಾಲರ್ ದಾಟಿತು. ಕಟ್ಟಿದ ತೆರಿಗೆಯೇ ಸುಮಾರು 17 ಕೋಟಿ. ಅದೇ ವರ್ಷ ಮಯಾಮಿ ಮಾರ್ಲಿನ್ಸ್ ಸೀಸನ್ ಶುರು ಮಾಡಿದ್ದು ಸುಮಾರು 7 ಕೋಟಿಯ ಸಂಬಳ ಪಟ್ಟಿಯಲ್ಲಿ. ಒಂದು ತಂಡ ಕಟ್ಟಿದ ತೆರಿಗೆಯಲ್ಲಿ ಇನ್ನೊಂದು ತಂಡವನ್ನು ಎರಡು ಸಲ ಕಟ್ಟಬಹುದಿತ್ತು.

ಈ ಸಂಖ್ಯೆ ನೋಡಿದವರು ಡಾಡ್ಜರ್ಸ್ ಕಡೆ ಬೆರಳು ತೋರಿಸುತ್ತಾರೆ. ನಾನು ಮಾರ್ಲಿನ್ಸ್ ಕಡೆಯೂ ತೋರಿಸುತ್ತೇನೆ. ಪ್ರತಿ ತಂಡವೂ ತನ್ನ ಸ್ಥಳೀಯ ಆದಾಯದ ಶೇ 48ನ್ನು ಸಾಮಾನ್ಯ ನಿಧಿಗೆ ಹಾಕಬೇಕು. ಆ ನಿಧಿ ಸಮವಾಗಿ ಹಂಚಿಹೋಗುತ್ತದೆ. ಹಾಗಾಗಿ ಚಿಕ್ಕ ತಂಡಗಳ ಕೈಗೆ ದೊಡ್ಡ ಮೊತ್ತವೇ ಬರುತ್ತದೆ. ಅದು ಆಟಗಾರರ ಮೇಲೆ ಖರ್ಚಾಗುತ್ತದೆಯೇ ಅನ್ನುವುದೇ ಜಗಳ. 2018ರಲ್ಲಿ ಆಟಗಾರರ ಯೂನಿಯನ್ ಇದೇ ವಿಷಯಕ್ಕೆ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು. ಮಯಾಮಿ, ಟ್ಯಾಂಪಾ ಬೇ, ಓಕ್‌ಲ್ಯಾಂಡ್ ಮತ್ತು, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪಿಟ್ಸ್‌ಬರ್ಗ್.

ಇಷ್ಟೆಲ್ಲ ಇದ್ದೂ ಯೂನಿಯನ್ ಕ್ಯಾಪ್ ಅಂದರೆ ಯಾಕೆ ಸಿಡಿಯುತ್ತದೆ? ಇದಕ್ಕೆ ಹಳೆಯ ಗಾಯಗಳಿವೆ. 1970ರ ದಶಕದ ಮಧ್ಯದವರೆಗೂ ಆಟಗಾರ ತನ್ನ ತಂಡಕ್ಕೆ ಜೀವನಪೂರ್ತಿ ಕಟ್ಟುಬಿದ್ದಿರುತ್ತಿದ್ದ. ಕರ್ಟ್ ಫ್ಲಡ್ ಅದರ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1972ರಲ್ಲಿ ಸೋತರು. 1975ರ ಕೊನೆಯಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರ ಇಬ್ಬರು ಪಿಚರ್‌ಗಳ ಪರ ತೀರ್ಪು ಕೊಟ್ಟ ಮೇಲೆ ಫ್ರೀ ಏಜೆನ್ಸಿ ಬಂತು. 1980ರ ದಶಕದಲ್ಲಿ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಯಾರಿಗೂ ಜಾಸ್ತಿ ಸಂಬಳ ಹೇಳದೆ ಕೂತರು. ಸಿಕ್ಕಿಬಿದ್ದು, 1990ರಲ್ಲಿ 28 ಕೋಟಿ ಡಾಲರ್ ಕೊಟ್ಟು ರಾಜಿಯಾದರು. 1994ರಲ್ಲಿ ಮಾಲೀಕರು ಕ್ಯಾಪ್ ಬೇಕೇ ಬೇಕು ಅಂದರು, ಆಟಗಾರರು ಆಗಸ್ಟ್ 12ರಿಂದ ಮುಷ್ಕರ ಹೂಡಿದರು. ಆ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಫೈನಲ್, ರದ್ದಾಯಿತು. ಎರಡು ಮಹಾಯುದ್ಧಗಳಲ್ಲೂ ನಿಲ್ಲದಿದ್ದ ಸೀರೀಸ್ ಅದು. ಮುಂದಿನ ವರ್ಷ ಆಟಗಾರರ ಪರ ತಡೆಯಾಜ್ಞೆ ಕೊಟ್ಟ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್, ಈಗ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿದ್ದಾರೆ. ಇಷ್ಟು ಕಂಡ ಯೂನಿಯನ್‌ಗೆ "ಸಮತೋಲನಕ್ಕಾಗಿ ಕ್ಯಾಪ್" ಅಂದರೆ "ನಿಮ್ಮ ಸಂಬಳ ಕಡಿಮೆ ಮಾಡ್ತೀವಿ" ಅಂತಲೇ ಕೇಳಿಸುತ್ತದೆ. ಐಪಿಎಲ್‌ನಲ್ಲಿ ಈ ತಾಪತ್ರಯವೇ ಇಲ್ಲ, ಯಾಕೆಂದರೆ ಆಡುತ್ತಿರುವ ಆಟಗಾರರ ಯೂನಿಯನ್ನೇ ಅಲ್ಲಿಲ್ಲ. ಅದನ್ನು ಮಾದರಿ ಅಂತ ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ.

ಈಗ ನನ್ನ ಯೋಜನೆ. ಮೊದಲ ಸಂಖ್ಯೆ ಕ್ಯಾಪ್ ಅಲ್ಲ, ಆಟಗಾರರ ಪಾಲು. ಬ್ಯಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿಯಲ್ಲಿ ಲೀಗಿನ ಆದಾಯದ ಹೆಚ್ಚುಕಡಿಮೆ ಅರ್ಧ ಆಟಗಾರರದು, ಫುಟ್‌ಬಾಲ್‌ನಲ್ಲಿ ಕನಿಷ್ಠ ಶೇ 48. ಬೇಸ್‌ಬಾಲ್‌ನಲ್ಲಿ ಇಂಥ ಪಾಲು ಅಂತ ಎಲ್ಲೂ ಬರೆದಿಲ್ಲ. ನಾನು ಅರ್ಧ ಅಂತ ಬರೆಯುತ್ತೇನೆ. ಲೀಗಿನ ಆದಾಯ ವರ್ಷಕ್ಕೆ ಸುಮಾರು 1,200 ಕೋಟಿ ಡಾಲರ್. ಅರ್ಧ ಅಂದರೆ 600 ಕೋಟಿ, 30 ತಂಡಕ್ಕೆ ಹಂಚಿದರೆ ತಲಾ 20 ಕೋಟಿ. ಅದರಲ್ಲಿ ಪಿಂಚಣಿ, ವಿಮೆ, ಕೆಳಗಿನ ಲೀಗುಗಳ ಹುಡುಗರ ಸಂಬಳ, ಡ್ರಾಫ್ಟ್ ಬೋನಸ್ ಎಲ್ಲ ತೆಗೆದಿಟ್ಟು, ಸರಾಸರಿ ಸಂಬಳ ಪಟ್ಟಿ 17 ಕೋಟಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ವರ್ಷದ ಕೊನೆಯಲ್ಲಿ ಒಟ್ಟು ಸಂಬಳ ಅರ್ಧಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು. ಜಾಸ್ತಿಯಾದರೆ ಆಟಗಾರರ ಸಂಬಳದಿಂದ ಮೊದಲೇ ಹಿಡಿದಿಟ್ಟ ಸಣ್ಣ ಮೊತ್ತದಲ್ಲಿ ಕಳೆಯಬೇಕು. ಹಾಕಿಯಲ್ಲಿ ಇದು ನಡೆಯುತ್ತಿದೆ, ಆಟಗಾರರು ಗೊಣಗುತ್ತಲೇ ಒಪ್ಪಿಕೊಂಡಿದ್ದಾರೆ.

"ಆದಾಯ" ಅಂದರೆ ಯಾವುದು ಅನ್ನುವಲ್ಲಿ ಜಗಳ ಶುರುವಾಗುತ್ತದೆ. ಅಟ್ಲಾಂಟಾ ಬ್ರೇವ್ಸ್ ತನ್ನ ಮೈದಾನದ ಸುತ್ತ ದಿ ಬ್ಯಾಟರಿ ಅಂತ ಒಂದು ಪೇಟೆಯನ್ನೇ ಕಟ್ಟಿದೆ. ಅಂಗಡಿ, ಹೋಟೆಲ್, ಆಫೀಸು, ಮನೆಗಳು. ಅಲ್ಲಿನ ಬಾಡಿಗೆ ಬೇಸ್‌ಬಾಲ್ ಆದಾಯವೇ? ಮಾಲೀಕರು ಅಲ್ಲ ಅನ್ನುತ್ತಾರೆ. ತಂಡ ಅಲ್ಲಿ ಆಡದಿದ್ದರೆ ಆ ಜಾಗಕ್ಕೆ ಅಷ್ಟು ಬಾಡಿಗೆ ಎಲ್ಲಿಂದ ಬರಬೇಕು? ನನ್ನ ಪ್ರಕಾರ ಒಂದು ಭಾಗವಾದರೂ ಲೆಕ್ಕಕ್ಕೆ ಬರಬೇಕು. ಎಷ್ಟು ಅನ್ನುವುದನ್ನು ಎರಡೂ ಕಡೆಯವರು ಒಪ್ಪಿದ ಹೊರಗಿನ ಲೆಕ್ಕಪರಿಶೋಧಕರು ಹೇಳಲಿ.

ಎರಡನೆಯದು ಟಿವಿ ಹಣ. ಸ್ಥಳೀಯ ಟಿವಿ ಮತ್ತು ಸ್ಟ್ರೀಮಿಂಗ್ ಹಣ ನಿಧಾನವಾಗಿ ಪೂರ್ತಿ ಸಾಮಾನ್ಯ ನಿಧಿಗೆ ಬರಲಿ. ಟಿಕೆಟ್, ತಿಂಡಿ, ಪಾರ್ಕಿಂಗ್ ಹಣ ಆಯಾ ತಂಡದ ಹತ್ತಿರವೇ ಇರಲಿ. ಎಲ್ಲವನ್ನೂ ಹಂಚಿದರೆ ಜನರನ್ನು ಮೈದಾನಕ್ಕೆ ಕರೆತರುವ ಆಸೆ ಯಾವ ಮಾಲೀಕನಿಗೂ ಉಳಿಯುವುದಿಲ್ಲ. ಟಿವಿ ವಿಷಯದಲ್ಲಿ ನನ್ನ ವಾದ ಸರಳ. ಡಾಡ್ಜರ್ಸ್ ಆಟ ಟಿವಿಯಲ್ಲಿ ಬರಬೇಕಾದರೆ ಎದುರಿಗೆ ಇನ್ನೊಂದು ತಂಡ ಬೇಕೇ ಬೇಕು. ಆ ತಂಡಕ್ಕೂ ಪಾಲು ಬರಬೇಕು. ದೊಡ್ಡ ಊರಿನವರು ಸುಮ್ಮನೆ ಒಪ್ಪುತ್ತಾರೆಯೇ? ಇಲ್ಲ. ಆದರೆ ರಾಷ್ಟ್ರೀಯ ಟಿವಿ ಒಪ್ಪಂದಗಳೆಲ್ಲ 2028ಕ್ಕೆ ಮುಗಿಯುತ್ತವೆ. 30 ತಂಡಗಳ ಆಟವನ್ನೂ ಒಂದೇ ಕಟ್ಟಾಗಿ ಮಾರಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು.

ಹಣ ಹಂಚಿದ ಮೇಲೆ ಫ್ಲೋರ್, ಅಂದರೆ ಇದಕ್ಕಿಂತ ಕಡಿಮೆ ಖರ್ಚು ಮಾಡುವಂತಿಲ್ಲ ಅನ್ನುವ ಮಿತಿ. ಹಾಕಿಯಲ್ಲಿ ಇದರ ಲೆಕ್ಕ ಚೊಕ್ಕವಾಗಿದೆ. 2025-26ರಲ್ಲಿ ನಡುವಿನ ಸಂಖ್ಯೆ 8.3 ಕೋಟಿ ಡಾಲರ್. ಅದಕ್ಕೆ ಶೇ 15 ಸೇರಿಸಿದರೆ ಕ್ಯಾಪ್ 9.55 ಕೋಟಿ, ಶೇ 15 ಕಳೆದರೆ ಫ್ಲೋರ್ 7.06 ಕೋಟಿ. ಬೇಸ್‌ಬಾಲ್‌ಗೆ ಇಷ್ಟು ಬಿಗಿ ಮಾಡಿದರೆ ಮೊದಲ ವರ್ಷವೇ ಮುರಿಯುತ್ತದೆ. ನಾನು ಫ್ಲೋರ್ 13 ಕೋಟಿ ಇಡುತ್ತೇನೆ, ಅದೂ ಮೂರು ವರ್ಷದ ಸರಾಸರಿಯಲ್ಲಿ. ಹೊಸ ತಂಡ ಕಟ್ಟುವಾಗ ಒಂದು ವರ್ಷ ಕೈ ಬಿಗಿ ಹಿಡಿಯುವುದು ತಪ್ಪಲ್ಲ. ಅದೇ ಕಸುಬಾಗಬಾರದು. ಸರಾಸರಿ ಕಡಿಮೆ ಬಿದ್ದರೆ ಆ ಕೊರತೆಯಷ್ಟು ಹಣ ಅದೇ ತಂಡದ ಕಡಿಮೆ ಸಂಬಳದ ಆಟಗಾರರಿಗೆ ಹಂಚಿಹೋಗಬೇಕು. ಆಗ ಉಳಿಸಿ ಲಾಭವಿಲ್ಲ. ಮಾಲೀಕರು ಮತ್ತು ಯೂನಿಯನ್ ನಡುವಿನ ಈಗಿನ ಒಪ್ಪಂದದಲ್ಲೂ ಒಂದು ಅಡಗಿದ ಫ್ಲೋರ್ ಇದೆ. ನಿಧಿಯಿಂದ ಪಡೆದ ಹಣದ ಒಂದೂವರೆ ಪಟ್ಟಾದರೂ ಸಂಬಳಕ್ಕೆ ಹೋಗದಿದ್ದರೆ, ದೂರು ಬಂದಾಗ ಹಣ ಸರಿಯಾಗಿ ಬಳಸಿದ್ದೇವೆ ಅಂತ ತಂಡವೇ ತೋರಿಸಬೇಕು. ಇಂಥ ಸುತ್ತುಬಳಸಿನ ನಿಯಮಕ್ಕಿಂತ ನೇರವಾಗಿ ಒಂದು ಸಂಖ್ಯೆ ಇರುವುದು ವಾಸಿ.

ಈಗ ಚಿಕ್ಕ ವಯಸ್ಸಿನವರ ಸಂಬಳ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ದೊಡ್ಡ ಅನ್ಯಾಯ ಇರುವುದು ಇಲ್ಲಿ. ಸ್ಕೀನ್ಸ್ 2025ರಲ್ಲಿ ಬೇಸ್‌ಬಾಲ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು, ಒಂದು ವೋಟೂ ಆಚೆ ಹೋಗಲಿಲ್ಲ. ಅವರ ಸಂಬಳ 8.75 ಲಕ್ಷ ಡಾಲರ್. ಅದೇ ವರ್ಷ ಮೆಟ್ಸ್ ತಂಡದ ಹ್ವಾನ್ ಸೋಟೊ 15 ವರ್ಷಕ್ಕೆ 76.5 ಕೋಟಿಯ ಒಪ್ಪಂದದ ಮೊದಲ ವರ್ಷ ಆಡುತ್ತಿದ್ದರು. ವರ್ಷಕ್ಕೆ ಐದು ಕೋಟಿ ಮೀರುತ್ತದೆ. ಕಾರಣ ಹೀಗೆ: ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ, ಕನಿಷ್ಠ ಸಂಬಳ 2026ಕ್ಕೆ 7.8 ಲಕ್ಷ ಡಾಲರ್. ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಸಂಬಳ ಒಪ್ಪದಿದ್ದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಆರು ವರ್ಷ ತುಂಬಿದ ಮೇಲೆ ಸ್ವತಂತ್ರ. 2022ರ ಒಪ್ಪಂದದಲ್ಲಿ ಚೆನ್ನಾಗಿ ಆಡಿದ ಕಿರಿಯರಿಗಾಗಿ ವರ್ಷಕ್ಕೆ 5 ಕೋಟಿ ಡಾಲರ್ ಬೋನಸ್ ನಿಧಿ ಇಟ್ಟರು. 30 ತಂಡಗಳಿಗೆ ಸೇರಿ 5 ಕೋಟಿ. ಚಿಲ್ಲರೆ.

ಈ ಆರು ವರ್ಷವನ್ನು ಏಳು ಮಾಡುವ ಉಪಾಯವೂ ತಂಡಗಳಿಗೆ ಗೊತ್ತು. 172 ದಿನ ತಂಡದಲ್ಲಿದ್ದರೆ ಒಂದು ವರ್ಷ ಲೆಕ್ಕ. 2015ರಲ್ಲಿ ಶಿಕಾಗೊ ಕಬ್ಸ್ ಕ್ರಿಸ್ ಬ್ರಯಂಟ್ ಅವರನ್ನು ಏಪ್ರಿಲ್ 17ರವರೆಗೆ ಕೆಳಗಿನ ಲೀಗಿನಲ್ಲೇ ಇಟ್ಟಿತು. ಅವರಿಗೆ ಸಿಕ್ಕಿದ್ದು 171 ದಿನ. ಒಂದೇ ದಿನ ಕಡಿಮೆ! ಆ ವರ್ಷ ನ್ಯಾಷನಲ್ ಲೀಗಿನ ಅತ್ಯುತ್ತಮ ಹೊಸ ಆಟಗಾರ ಅವರೇ. ದೂರು ಕೊಟ್ಟರು, 2020ರಲ್ಲಿ ಸೋತರು. ಈಗ ವರ್ಷದ ಹೊಸ ಆಟಗಾರ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷ ಕೊಡುವ ನಿಯಮ ಬಂದಿದೆ. 2024ರ ಮೇ ತಿಂಗಳಲ್ಲಿ ಆಡಲು ಬಂದ ಸ್ಕೀನ್ಸ್‌ಗೆ ಇದರಿಂದ ಲಾಭವಾಯಿತು. ಬ್ರಯಂಟ್‌ಗೆ ತಡವಾಗಿತ್ತು.

ದಿನ ಎಣಿಸುವ ಯಾವ ನಿಯಮಕ್ಕೂ ಹೀಗೆ ಬಾಗಿಲು ಸಿಗುತ್ತದೆ. ಅದಕ್ಕೇ ನಾನು ವಯಸ್ಸು ತರುತ್ತೇನೆ. ಐದು ವರ್ಷ ಆಡಿದ ಮೇಲೆ, ಇಲ್ಲವೇ 28 ತುಂಬಿದ ವರ್ಷದ ಕೊನೆಗೆ, ಯಾವುದು ಮೊದಲೋ ಆಗ ಆಟಗಾರ ಸ್ವತಂತ್ರ. ಆರನ್ ಜಡ್ಜ್ 24ನೇ ವಯಸ್ಸಿನಲ್ಲಿ ಬಂದು ಫ್ರೀ ಏಜೆಂಟ್ ಆದಾಗ 30 ಆಗಿತ್ತು. ಅಂಥವರ ಒಳ್ಳೆಯ ವರ್ಷಗಳೆಲ್ಲ ಅಗ್ಗಕ್ಕೆ ಹೋಗುತ್ತವೆ. ಆರ್ಬಿಟ್ರೇಷನ್ ಎರಡು ವರ್ಷಕ್ಕೇ ಶುರುವಾಗಲಿ. ಕನಿಷ್ಠ ಸಂಬಳ 12 ಲಕ್ಷ ಡಾಲರ್ ಆಗಲಿ.

ಇಲ್ಲಿ ನಿಮಗೆ ಸಿಟ್ಟು ಬರಬಹುದು. ಐದೇ ವರ್ಷಕ್ಕೆ ಬಿಟ್ಟರೆ ಸ್ಕೀನ್ಸ್ ಒಂದು ವರ್ಷ ಮೊದಲೇ ಹೋಗುತ್ತಾರಲ್ಲ! ಹೌದು. ಅದಕ್ಕೆ ಉಳಿಸಿಕೊಳ್ಳುವ ದಾರಿಯನ್ನೂ ಇಡಬೇಕು. ಬಹಳ ಜನ ಬ್ಯಾಸ್ಕೆಟ್‌ಬಾಲ್‌ನ ಲ್ಯಾರಿ ಬರ್ಡ್ ನಿಯಮ ತನ್ನಿ ಅನ್ನುತ್ತಾರೆ, ಅಂದರೆ ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಕ್ಯಾಪ್ ದಾಟಬಹುದು. ಕೇಳಲು ಚೆಂದ. ಆದರೆ ಅದರಿಂದ ಯಾರಿಗೆ ಉಪಯೋಗ ನೋಡಿ. ಕ್ಯಾಪ್ ಹತ್ತಿರ ಇರುವ ಶ್ರೀಮಂತ ತಂಡಕ್ಕೆ. ಪೈರೇಟ್ಸ್‌ಗೆ ಕ್ಯಾಪ್ ಯಾವತ್ತೂ ಅಡ್ಡ ಬಂದಿಲ್ಲ, ಅಡ್ಡ ಬಂದಿದ್ದು ಹಣ. ಹಾಗಾಗಿ ಸಹಾಯವೂ ಹಣದ ರೂಪದಲ್ಲೇ ಬರಬೇಕು. 2024ರಲ್ಲಿ 9 ತಂಡಗಳು ಕಟ್ಟಿದ ಲಕ್ಸುರಿ ಟ್ಯಾಕ್ಸ್ ಒಟ್ಟು 31 ಕೋಟಿ ಡಾಲರ್ ಮೀರಿತ್ತು. ಅಂಥ ಹಣದಲ್ಲಿ ಒಂದು ನಿಧಿ ಮಾಡಿ. ಕಡಿಮೆ ಆದಾಯದ ತಂಡ ತಾನೇ ಬೆಳೆಸಿದ ಆಟಗಾರನ ಜೊತೆ ದೀರ್ಘ ಒಪ್ಪಂದ ಮಾಡಿಕೊಂಡರೆ ಅವನ ಸಂಬಳದ ಕಾಲು ಭಾಗ ನಿಧಿಯಿಂದ ಬರಲಿ. ಆಮೇಲೆ ಅವನನ್ನು ಬೇರೆ ತಂಡಕ್ಕೆ ಸಾಗಹಾಕಿದರೆ ಪಡೆದದ್ದನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು.

ಕ್ಯಾಪ್‌ನ ಸರದಿ ಈಗ. ಇದು ಬೇಗ ಮುಗಿಯುತ್ತದೆ, ಯಾಕೆಂದರೆ ಕಷ್ಟದ ಕೆಲಸ ಮೇಲೆಯೇ ಆಗಿದೆ. 24 ಕೋಟಿಗೆ ಮೊದಲ ಗೆರೆ. ದಾಟಿದರೆ ಮೊದಲ ವರ್ಷದಿಂದಲೇ ಡಾಲರ್‌ಗೆ ಡಾಲರ್ ತೆರಿಗೆ. 30 ಕೋಟಿಗೆ ಗೋಡೆ, ಅದನ್ನು ದಾಟುವಂತಿಲ್ಲ. ಆದಾಯ ಬೆಳೆದ ಹಾಗೆ ಎರಡೂ ಮೇಲೆ ಹೋಗುತ್ತವೆ. ಒಬ್ಬ ಆಟಗಾರನಿಗೆ ಇಷ್ಟೇ ಅನ್ನುವ ಮಿತಿ ಬೇಡ. ಅದು ದೊಡ್ಡ ಆಟಗಾರರನ್ನು ಕಡಿಮೆ ಬೆಲೆಗೆ ಒಂದೇ ಕಡೆ ಸೇರಿಸುತ್ತದೆ.

ಶೋಹೆ ಒಟಾನಿ ಒಪ್ಪಂದದ ಬಗ್ಗೆ ಎಲ್ಲರೂ ಕೇಳುತ್ತಾರೆ. 10 ವರ್ಷಕ್ಕೆ 70 ಕೋಟಿ ಡಾಲರ್, ಅದರಲ್ಲಿ 68 ಕೋಟಿಯನ್ನು 2034ರಿಂದ 2043ರ ನಡುವೆ ಬಡ್ಡಿ ಇಲ್ಲದೆ ಕೊಡುತ್ತಾರೆ. ಹಾಗಾಗಿ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 7 ಕೋಟಿಯ ಬದಲು ಸುಮಾರು 4.6 ಕೋಟಿ. ಇದು ಮೋಸ ಅನ್ನುವವರ ಜೊತೆ ನಾನಿಲ್ಲ. ಹತ್ತು ವರ್ಷದ ನಂತರ ಬರುವ ಡಾಲರ್‌ಗೆ ಇವತ್ತಿನ ಡಾಲರ್‌ನಷ್ಟು ಬೆಲೆ ಇಲ್ಲ, ಲೆಕ್ಕ ಸರಿಯಾಗಿಯೇ ಇದೆ. ನನ್ನ ಚಿಂತೆ ಬೇರೆ. ಇವತ್ತು ಗೆಲ್ಲುವ ಮಾಲೀಕ ನಾಳೆಯ ಮಾಲೀಕನ ತಲೆಗೆ ಸಾಲ ಕಟ್ಟುತ್ತಾನೆ. ಬಾಬಿ ಬೊನಿಯಾ ಎಂಬ ಹಳೆಯ ಆಟಗಾರನಿಗೆ ಮೆಟ್ಸ್ ಇವತ್ತಿಗೂ ಪ್ರತಿ ಜುಲೈ 1ರಂದು ಸುಮಾರು 11.9 ಲಕ್ಷ ಡಾಲರ್ ಕಳಿಸುತ್ತದೆ, 2035ರವರೆಗೂ ಕಳಿಸಬೇಕು. ಅಭಿಮಾನಿಗಳು ಆ ದಿನವನ್ನು ಹಬ್ಬದ ಥರ ಆಚರಿಸಿ ನಗುತ್ತಾರೆ. ಒಪ್ಪಂದದ ಕಾಲು ಭಾಗಕ್ಕಿಂತ ಜಾಸ್ತಿ ಮುಂದೂಡುವಂತಿಲ್ಲ ಅಂತ ಬರೆದರೆ ಸಾಕು.

ಇನ್ನು ಡ್ರಾಫ್ಟ್. ಶುರುವಾದದ್ದು 1965ರಲ್ಲಿ. ಅದಕ್ಕೆ ಮೊದಲು ಶಾಲೆ ಮುಗಿಸಿದ ಹುಡುಗರ ಮನೆಗೆ ತಂಡಗಳೇ ದುಡ್ಡು ಹಿಡಿದು ಹೋಗುತ್ತಿದ್ದವು. ಸಮತೋಲನದ ಮಾತಿನ ಜೊತೆ ಬೋನಸ್ ಇಳಿಸುವ ಆಸೆಯೂ ಅದರಲ್ಲಿತ್ತು ಅನ್ನುವುದನ್ನು ಮರೆಯಬಾರದು. ಹುಡುಗ ಒಂದೇ ತಂಡದ ಜೊತೆ ಮಾತಾಡಬೇಕಾದರೆ ಚೌಕಾಸಿ ಎಲ್ಲಿ?

ನೀವು ಹೇಳಿದ "ಸೋತವರಿಗೆ ಬಹುಮಾನ" ಮಾತಿಗೆ ದೊಡ್ಡ ಉದಾಹರಣೆ ಹ್ಯೂಸ್ಟನ್. 2011ರಿಂದ ಮೂರು ವರ್ಷ ಸಾಲಾಗಿ 106, 107, 111 ಸೋಲು. ಸಂಬಳ ಪಟ್ಟಿ ಬೋಳು, ಡ್ರಾಫ್ಟ್‌ನಲ್ಲಿ ಸಾಲು ಸಾಲು ಮೊದಲ ಆಯ್ಕೆ. 2017ರಲ್ಲಿ ಚಾಂಪಿಯನ್. ಎಲ್ಲರೂ ಇದನ್ನೇ ಸೂತ್ರ ಅಂದುಕೊಂಡರು. ಆದರೆ ಆ ಆಯ್ಕೆಗಳನ್ನು ಬಿಡಿಸಿ ನೋಡಿ. 2012ರ ಕಾರ್ಲೋಸ್ ಕೊರಿಯಾ ಚಿನ್ನ. 2013ರ ಮಾರ್ಕ್ ಅಪೆಲ್ ಮೇಜರ್ ಲೀಗ್‌ನಲ್ಲಿ ಮೊದಲ ಬಾಲ್ ಹಾಕಿದ್ದು 2022ರಲ್ಲಿ, ಅದೂ ಬೇರೆ ತಂಡಕ್ಕೆ. 2014ರ ಬ್ರೇಡಿ ಏಕನ್ ಒಪ್ಪಂದಕ್ಕೆ ಸಹಿಯನ್ನೇ ಹಾಕಲಿಲ್ಲ. ಮೈಕ್ ಟ್ರೌಟ್ 25ನೇ ಆಯ್ಕೆ. ಆಲ್ಬರ್ಟ್ ಪೂಹೋಲ್ಸ್ 13ನೇ ಸುತ್ತಿನವರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಹುಡುಗ ಬಂದರೆ ತಂಡವೇ ಬದಲಾಗಬಹುದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಸ್ಕೀನ್ಸ್ 2025ರಲ್ಲಿ ಅಷ್ಟು ಅದ್ಭುತವಾಗಿ ಆಡಿಯೂ ಅವರ ಲೆಕ್ಕದಲ್ಲಿ 10 ಗೆಲುವು, 10 ಸೋಲು. ಆದ್ದರಿಂದ ತಂಡಗಳು ಬೇಕಂತಲೇ ಸೋಲುವುದು ಡ್ರಾಫ್ಟ್ ಆಸೆಗೆ ಮಾತ್ರ ಅಲ್ಲ, ಸೋಲುವಾಗ ಉಳಿಯುವ ಹಣಕ್ಕೆ. ಫ್ಲೋರ್ ಬಂದರೆ ಆ ಹಣ ಉಳಿಯುವುದಿಲ್ಲ. ಡ್ರಾಫ್ಟ್ ಸಮಸ್ಯೆಯ ಅರ್ಧ ಅಲ್ಲೇ ಕರಗುತ್ತದೆ.

ಉಳಿದರ್ಧಕ್ಕೆ ಈಗಿರುವ ಲಾಟರಿಯನ್ನೇ ತಿದ್ದಬೇಕು. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನ ಲಾಟರಿಯಲ್ಲಿ ನಿರ್ಧಾರವಾಗುತ್ತವೆ. ತೀರ ಕೆಳಗಿನ ಮೂರು ತಂಡಗಳಿಗೆ ತಲಾ ಶೇ 16.5 ಅವಕಾಶ. 2024ರಲ್ಲಿ ಕ್ಲೀವ್‌ಲ್ಯಾಂಡ್ ಶೇ 2ರ ಅವಕಾಶದಲ್ಲೇ ಮೊದಲ ಸ್ಥಾನ ಹೊಡೆಯಿತು. ದೊಡ್ಡ ಊರಿನ ತಂಡ ಸತತ ಎರಡು ವರ್ಷ ಲಾಟರಿ ಸ್ಥಾನ ಪಡೆಯಬಾರದು ಅನ್ನುವ ನಿಯಮವೂ ಇದೆ. ಅದರ ಏಟು ಬಿದ್ದದ್ದು ಶಿಕಾಗೊ ವೈಟ್ ಸಾಕ್ಸ್‌ಗೆ. 2024ರಲ್ಲಿ 121 ಆಟ ಸೋತರು, ಮುಂದಿನ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು 10ನೇ ಸ್ಥಾನ. ಪಾಪ ಅನ್ನಿಸಬಹುದು. ನನಗೆ ಅಷ್ಟೇನೂ ಅನ್ನಿಸಲಿಲ್ಲ, ಶಿಕಾಗೊ ದೊಡ್ಡ ಊರು.

ನಾನು ಮಾಡುವ ಬದಲಾವಣೆ: ಪ್ಲೇಆಫ್‌ಗೆ ಬಾರದ 18 ತಂಡಗಳಲ್ಲಿ ಕೆಳಗಿನ ಹತ್ತಕ್ಕೂ ಒಂದೇ ಅವಕಾಶ. ಕೊನೆಯವನಾಗಿ ಸೋತರೂ ಅಷ್ಟೇ, ಕೊನೆಯಿಂದ ಹತ್ತನೆಯವನಾದರೂ ಅಷ್ಟೇ. ಫ್ಲೋರ್ ಮುಟ್ಟದ ತಂಡಕ್ಕೆ ಲಾಟರಿಯಲ್ಲಿ ಜಾಗವಿಲ್ಲ. ನಿಜವಾಗಿ ಬಡವರಾದ ತಂಡಗಳಿಗೆ ಸಹಾಯ ಬೇರೆ ದಾರಿಯಲ್ಲಿ ಬರಲಿ. ಚಿಕ್ಕ ಊರು, ಕಡಿಮೆ ಆದಾಯದ ತಂಡಗಳಿಗೆ ಮೊದಲ ಸುತ್ತಿನ ಆಸುಪಾಸಿನಲ್ಲಿ ಹೆಚ್ಚುವರಿ ಆಯ್ಕೆ ಕೊಡುವ ಪದ್ಧತಿ ಈಗಲೇ ಇದೆ, ಅದನ್ನು ದೊಡ್ಡದು ಮಾಡಿ. ಆಗ ಮಿಲ್ವಾಕಿ 97 ಆಟ ಗೆದ್ದರೂ ಸಹಾಯ ಸಿಗುತ್ತದೆ. ಸಹಾಯಕ್ಕಾಗಿ ಸೋಲಬೇಕಾಗಿಲ್ಲ. ಈಗ ಆ ಹೆಚ್ಚುವರಿ ಆಯ್ಕೆಗಳನ್ನು ಬಿಟ್ಟು ಬೇರೆ ಯಾವ ಡ್ರಾಫ್ಟ್ ಆಯ್ಕೆಯನ್ನೂ ತಂಡಗಳು ಇನ್ನೊಂದು ತಂಡಕ್ಕೆ ಬಿಟ್ಟುಕೊಡುವಂತಿಲ್ಲ. ಉಳಿದವನ್ನೂ ಬಿಟ್ಟುಕೊಡಲು ಅವಕಾಶ ಕೊಡಿ, ಸತತ ಎರಡು ವರ್ಷದ ಮೊದಲ ಸುತ್ತು ಬಿಟ್ಟುಕೊಡಬಾರದು ಅನ್ನುವ ಷರತ್ತಿನ ಮೇಲೆ.

ಮಹಿಳೆಯರ ಐಸ್ ಹಾಕಿ ಲೀಗಿನಲ್ಲಿ ಒಂದು ಚಂದದ ಪದ್ಧತಿ ಇದೆ. ಪ್ಲೇಆಫ್ ಆಸೆ ಮುಗಿದ ಮೇಲೆ ಯಾರು ಜಾಸ್ತಿ ಅಂಕ ಗಳಿಸುತ್ತಾರೋ ಅವರಿಗೆ ಡ್ರಾಫ್ಟ್‌ನಲ್ಲಿ ಮೊದಲ ಸ್ಥಾನ. ಬೇಸ್‌ಬಾಲ್‌ಗೂ ತರಬೇಕು ಅನ್ನುವವರಿದ್ದಾರೆ. ಇಲ್ಲಿ ಅದು ಕೂರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜುಲೈ ಕೊನೆಯ ಹೊತ್ತಿಗೆ ಸೋತ ತಂಡಗಳು ಒಳ್ಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು ಹುಡುಗರನ್ನು ತಂದಿರುತ್ತವೆ. ಆ ಕೆಲಸ ತಪ್ಪಲ್ಲ, ಚಿಕ್ಕ ತಂಡ ಮೇಲೆ ಬರುವ ದಾರಿಗಳಲ್ಲಿ ಅದೂ ಒಂದು. ಈ ನಿಯಮ ಅದಕ್ಕೇ ಶಿಕ್ಷೆ ಕೊಡುತ್ತದೆ.

ಡ್ರಾಫ್ಟ್ ಬಗ್ಗೆ ಮಾತಾಡುವವರು ಮರೆಯುವ ಹುಡುಗರು ಡೊಮಿನಿಕನ್ ಗಣರಾಜ್ಯ ಮತ್ತು ವೆನಿಜುವೆಲಾದವರು. ಅವರು ಡ್ರಾಫ್ಟ್‌ನಲ್ಲಿಲ್ಲ. 16ನೇ ವಯಸ್ಸಿಗೆ ಸಹಿ ಹಾಕಬಹುದು. ಅದಕ್ಕೂ ಎಷ್ಟೋ ವರ್ಷ ಮೊದಲೇ, 12-13ರ ಹುಡುಗರ ಜೊತೆ ಬಾಯಿಮಾತಿನ ಒಪ್ಪಂದ ಆಗಿರುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಲೀಗ್ ಅಂತರರಾಷ್ಟ್ರೀಯ ಡ್ರಾಫ್ಟ್ ತರಲು ನೋಡಿತು, 2022ರ ಜುಲೈನಲ್ಲಿ ಮಾತುಕತೆ ಮುರಿಯಿತು. ಪೋರ್ಟೊ ರಿಕೊವನ್ನು ಡ್ರಾಫ್ಟ್‌ಗೆ ಸೇರಿಸಿದ ಮೇಲೆ ಅಲ್ಲಿಂದ ಬರುವವರ ಸಂಖ್ಯೆ ಇಳಿಯಿತು ಅನ್ನುವ ದೂರು ಯೂನಿಯನ್‌ನ ಲ್ಯಾಟಿನ್ ಆಟಗಾರರಲ್ಲಿ ಇದೆ. ಕಾರಣ ಸ್ಪಷ್ಟ: ಹುಡುಗ ಯಾವ ತಂಡಕ್ಕೆ ಹೋಗುತ್ತಾನೋ ಗೊತ್ತಿಲ್ಲದಿದ್ದರೆ ಅಲ್ಲಿ ಅಕಾಡೆಮಿಗೆ ಹಣ ಹಾಕುವವರು ಯಾರು? ಲೀಗೇ ಅಕಾಡೆಮಿಗಳನ್ನು ನಡೆಸುವ ಹೊಣೆ ಹೊತ್ತರೆ ಮಾತ್ರ ನಾನು ಈ ಡ್ರಾಫ್ಟ್‌ಗೆ ಒಪ್ಪುತ್ತೇನೆ. ವಯಸ್ಸೂ 17 ಆಗಬೇಕು.

ಇದೆಲ್ಲ ಒಂದೇ ಸಲ ಬರಲಾರದು. ಒಟಾನಿ ಒಪ್ಪಂದ 2033ರವರೆಗೆ, ಸೋಟೊ ಒಪ್ಪಂದ 2039ರವರೆಗೆ. ಸಹಿ ಹಾಕಿದ ಒಪ್ಪಂದ ಮುರಿಯುವ ಹಾಗಿಲ್ಲ. ಅದಕ್ಕೆ ಗೋಡೆಯನ್ನು ಮೊದಲು 38 ಕೋಟಿಗೆ ಕಟ್ಟಿ ಆರು ವರ್ಷದಲ್ಲಿ 30ಕ್ಕೆ ಇಳಿಸಬೇಕು. ಫ್ಲೋರ್‌ ಮಾತ್ರ ಮೂರೇ ವರ್ಷದಲ್ಲಿ 13ಕ್ಕೆ ಏರಬೇಕು. ಅದು ಮೊದಲು, ಗೋಡೆ ಆಮೇಲೆ. ಈ ಕ್ರಮ ತಿರುಗಿಸಿದರೆ ಯೂನಿಯನ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಕಳೆದ ಸಲ ಮಾಲೀಕರು ಆಟಗಾರರನ್ನು ಹೊರಗಿಟ್ಟು 99 ದಿನ ಬೀಗ ಹಾಕಿದ್ದರು. ಆಗಲೂ ಆಟಗಳು ಪೂರ್ತಿ ನಡೆದವು, ಕಾರಣ ಕ್ಯಾಪ್ ಮಾತು ಮೇಜಿನ ಮೇಲೆ ಅಷ್ಟು ಜೋರಾಗಿ ಬಂದಿರಲಿಲ್ಲ. ಈ ಸಲ ಸುದ್ದಿ ಓದುವಾಗ ಕ್ಯಾಪ್ ಎಷ್ಟು ಕೋಟಿ ಅನ್ನುವ ತಲೆಬರಹ ದಾಟಿ ಮುಂದೆ ಹೋಗಿ. ಫ್ಲೋರ್ ಎಷ್ಟು, ಸ್ಥಳೀಯ ಟಿವಿ ಹಣದಲ್ಲಿ ಶೇಕಡಾ ಎಷ್ಟು ಹಂಚುತ್ತಾರೆ, 30 ತಂಡಗಳ ಲೆಕ್ಕಪುಸ್ತಕ ಯಾರಿಗೆ ತೋರಿಸುತ್ತಾರೆ ಅನ್ನುವುದನ್ನು ಹುಡುಕಿ. ಅಟ್ಲಾಂಟಾ ಬ್ರೇವ್ಸ್ ಕಂಪನಿ ಷೇರು ಮಾರುಕಟ್ಟೆಯಲ್ಲಿದೆ, ಹಾಗಾಗಿ ಅದರ ಲೆಕ್ಕ ಮೂರು ತಿಂಗಳಿಗೊಮ್ಮೆ ಯಾರು ಬೇಕಾದರೂ ಓದಬಹುದು. ಉಳಿದವರು ಅಷ್ಟು ತೆರೆಯಲು ಒಪ್ಪಿದರೆ ಕ್ಯಾಪ್ ಬಗ್ಗೆ ಯೂನಿಯನ್ ಕೂತು ಮಾತಾಡುತ್ತದೆ ಅಂತ ನನ್ನ ಲೆಕ್ಕ. ಒಪ್ಪದಿದ್ದರೆ 2027ರ ಏಪ್ರಿಲ್‌ನ ಆಟಗಳಿಗೆ ಮುಂಚಿತವಾಗಿ ಟಿಕೆಟ್ ಬುಕ್ ಮಾಡಬೇಡಿ.